‘ನಿಯಂತ್ರಣ ತಪ್ಪಿ’ ಎಂಬ ಸಾಲಿನ ಹಿಂದೆ: ಮಲೆನಾಡಿನ ಕಾರುಗಳ ಲೂಸ್ ಸ್ಟೇರಿಂಗ್ ನೋಡುವವರು ಯಾರು?

ಚಿಕ್ಕಮಗಳೂರು: ಮಲೆನಾಡಿನ ಅಪಘಾತದ ಸುದ್ದಿಗಳಲ್ಲಿ ಒಂದು ಸಾಲು ಮಾತ್ರ ಬದಲಾಗುವುದೇ ಇಲ್ಲ. ‘ಚಾಲಕನ ನಿಯಂತ್ರಣ ತಪ್ಪಿದ ಕಾರು ರಸ್ತೆ ಬದಿಯ ಹಳ್ಳಕ್ಕೆ ಉರುಳಿದೆ’. ಊರು ಬೇರೆ, ಕಾರು ಬೇರೆ, ಸಾಲು ಅದೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ತಿರುವಾದರೂ ಅಷ್ಟೆ, ಕೈಮರದಿಂದ ಮುಳ್ಳಯ್ಯನಗಿರಿಗೆ ಹತ್ತುವ ದಾರಿಯಾದರೂ ಅಷ್ಟೆ, ಕಳಸ–ಕುದುರೆಮುಖದ ರಸ್ತೆಯಾದರೂ ಅಷ್ಟೆ. ಓದಿದವರು ‘ಸ್ಪೀಡ್ ಜಾಸ್ತಿ ಇದ್ದಿರ್ಬೇಕು’, ‘ನಿದ್ದೆ ಹತ್ತಿರ್ಬೇಕು’ ಅಂತ ಮಾತಾಡಿಕೊಂಡು ಮುಂದಿನ ಸುದ್ದಿಗೆ ಹೋಗ್ತಾರೆ. ತಪ್ಪಿದ್ದು ಚಾಲಕನ ಕೈಯೋ, ಕಾರಿನ ಸ್ಟೇರಿಂಗೋ ಎಂದು ಕೇಳುವವರು ಕಡಿಮೆ.

ಹೆಚ್ಚಿನ ಅಪಘಾತಗಳಿಗೆ ಮನುಷ್ಯನ ತಪ್ಪೇ ಕಾರಣ ಅನ್ನೋದು ನಿಜ. ಆದರೆ ಮಳೆ ಹಿಂದೆ ಸರಿಯುತ್ತಿದ್ದಂತೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರಿನ ಗ್ಯಾರೇಜುಗಳ ಮುಂದೆ ನಿಂತರೆ ಇನ್ನೊಂದು ಚಿತ್ರ ಕಾಣುತ್ತೆ. ಗುಂಡಿ ರಸ್ತೆಯಲ್ಲಿ ನಾಲ್ಕು ತಿಂಗಳು ಓಡಿದ ಕಾರುಗಳು ಒಂದೊಂದೇ ಬರುತ್ತವೆ. ಅಲ್ಲಿ ನಡೆಯುವ ಮಾತುಕತೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ.

‘ಅಣ್ಣಾ, ಸ್ಟೇರಿಂಗ್ ಯಾಕೋ ಲೂಸ್ ಅನ್ನಿಸ್ತಿದೆ, ಸ್ವಲ್ಪ ನೋಡಿ.’

‘ಅಲೈನ್‌ಮೆಂಟ್ ಮಾಡ್ಸಿ ಸಾರ್, ಸರಿ ಹೋಗುತ್ತೆ.’

ಅಲೈನ್‌ಮೆಂಟ್ ಆಗುತ್ತೆ. ಕಂಪ್ಯೂಟರ್ ಪರದೆಯಲ್ಲಿ ಕೆಂಪಿದ್ದದ್ದು ಹಸಿರಾಗುತ್ತೆ. ಒಂದು ಪ್ರಿಂಟೂ ಸಿಗುತ್ತೆ. ಎರಡು ವಾರಕ್ಕೆ ಸ್ಟೇರಿಂಗ್ ಮತ್ತೆ ಮೊದಲಿನ ಹಾಗೆ. ಯಾಕಂದ್ರೆ ಅಲೈನ್‌ಮೆಂಟ್ ಅನ್ನೋದು ಚಕ್ರಗಳ ಕೋನ ಸರಿಪಡಿಸುವ ಕೆಲಸ. ಸವೆದ ಕೀಲನ್ನು ಅದು ಸರಿ ಮಾಡೋದಿಲ್ಲ. ಸವೆದ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ನಿಲ್ಲೋದೂ ಇಲ್ಲ. ಕೊನೆಗೆ ಮಾಡಬೇಕಾದ ಕೆಲಸ ಮೊದಲು ಆಗ್ತಿದೆ, ಮೊದಲು ನೋಡಬೇಕಾದ ಜಾಗವನ್ನು ಎಷ್ಟೋ ಸಲ ಯಾರೂ ನೋಡೋದೇ ಇಲ್ಲ.

ಕಾನೂನಿನ 30, ಕಂಪನಿಯ 30

ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಿರುಗದೆ ಸುಮ್ಮನೆ ಓಡಾಡುವ ಜಾಗಕ್ಕೆ ಗ್ಯಾರೇಜ್ ಭಾಷೆಯಲ್ಲಿ ‘ಪ್ಲೇ’ ಅಂತಾರೆ. ಇದು ಎಷ್ಟಿರಬಹುದು ಎಂದು ಕಾನೂನೇ ಹೇಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಪ್ಲೇ 30 ಡಿಗ್ರಿ ಮೀರಬಾರದು. ಸ್ಟೇರಿಂಗ್‌ನ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಮತ್ತು ಪಿನ್ನುಗಳು ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು ಎಂಬ ಮಾತೂ ಅದೇ ನಿಯಮದಲ್ಲಿದೆ.

ಇನ್ನೊಂದು ಕಡೆ, ಕಾರು ಕೊಂಡಾಗ ಸಿಗುವ ಪುಸ್ತಕಗಳಲ್ಲೂ ಒಂದು ಮಿತಿ ಬರೆದಿರುತ್ತೆ. ಹಲವು ಸಣ್ಣ ಕಾರುಗಳಿಗೆ ಅದು ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ಸುಮಾರು 30 ಮಿಲಿಮೀಟರ್, ಅಂದರೆ ಒಂದು ಇಂಚಿಗಿಂತ ತುಸು ಹೆಚ್ಚು.

ಎರಡೂ ಕಡೆ 30 ಇದೆ ಅಂತ ಎರಡೂ ಒಂದೇ ಅಲ್ಲ. ಸುಮಾರು 37 ಸೆಂಟಿಮೀಟರ್ ಅಗಲದ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿ ಅಂದರೆ ಅಂಚಿನಲ್ಲಿ ಹತ್ತತ್ತಿರ 10 ಸೆಂಟಿಮೀಟರ್. ಕಂಪನಿ ಹೇಳುವ ಮಿತಿಯ ಮೂರು ಪಟ್ಟಿಗೂ ಮೀರಿದ್ದು. ಕಂಪನಿ ‘ಗ್ಯಾರೇಜಿಗೆ ತನ್ನಿ’ ಅನ್ನುವ ಕಾರು ಕಾನೂನಿನ ಕಣ್ಣಲ್ಲಿ ಇನ್ನೂ ಪಾಸ್. ಲಾರಿ, ಬಸ್ಸು, ಜೀಪು, ಕಾರು ಎಲ್ಲಕ್ಕೂ ಸೇರಿಸಿ ಬರೆದ ನಿಯಮ ಅದು. ಹಾಗಾಗಿ ‘ಆರ್‌ಟಿಒದಲ್ಲಿ ಪಾಸಾಗಿದೆ, ಇನ್ನೇನು ಭಯ’ ಅನ್ನುವ ಮಾತನ್ನು ಕಾರಿನ ಮಟ್ಟಿಗೆ ಪೂರ್ತಿ ನಂಬುವ ಹಾಗಿಲ್ಲ.

ಘಾಟಿಯಲ್ಲಿ ಈ ಪ್ಲೇ ಎಷ್ಟು ದುಬಾರಿ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತೆ. ಎದುರಿಗೆ ಬಸ್ಸು ಬಂತು, ಸ್ಟೇರಿಂಗ್ ಎಡಕ್ಕೆ ಎಳೆದರು, ಪ್ಲೇ ಮುಗಿದು ಚಕ್ರ ತಿರುಗಲು ಅರ್ಧ ಸೆಕೆಂಡ್ ತಡವಾಯಿತು ಅಂದುಕೊಳ್ಳಿ. ಅಷ್ಟರಲ್ಲಿ ಕಾರು ಐದೂವರೆ ಮೀಟರ್ ನೇರ ಹೋಗಿರುತ್ತೆ. ಎಷ್ಟೋ ಕಿರಿದಾದ ಘಾಟಿ ರಸ್ತೆಗಳ ಡಾಂಬರಿನ ಅಗಲವೇ ಅಷ್ಟು.

ಎಲ್ಲ ‘ಲೂಸ್’ ಒಂದೇ ಅಲ್ಲ

ಗ್ಯಾರೇಜಿಗೆ ಬರುವವರು ನಾಲ್ಕೈದು ಬೇರೆ ಬೇರೆ ತೊಂದರೆಗೆ ‘ಲೂಸ್’ ಅನ್ನುವ ಒಂದೇ ಪದ ಬಳಸ್ತಾರೆ. ತಪ್ಪು ರಿಪೇರಿ ಶುರುವಾಗೋದು ಅಲ್ಲಿಂದಲೇ.

ನೇರ ರಸ್ತೆಯಲ್ಲಿ ಕೈ ಸಡಿಲ ಬಿಟ್ಟರೆ ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಅದು ಲೂಸ್ ಅಲ್ಲ. ಒಂದು ಟೈರಿನಲ್ಲಿ ಗಾಳಿ ಕಡಿಮೆ, ಅಲೈನ್‌ಮೆಂಟ್ ತಪ್ಪಿದ್ದು ಅಥವಾ ಒಂದು ಚಕ್ರದ ಬ್ರೇಕ್ ಪೂರ್ತಿ ಬಿಡದೆ ಹಿಡಿದುಕೊಂಡಿದ್ದು ಕಾರಣವಿರಬಹುದು. ಬ್ರೇಕ್ ಹಿಡಿದಿದ್ದರೆ ಓಡಿಸಿ ನಿಲ್ಲಿಸಿದ ಮೇಲೆ ಆ ಚಕ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿರುತ್ತೆ.

ಕಡೂರು–ಬೀರೂರು ಕಡೆಯ ಹೆದ್ದಾರಿಯಲ್ಲಿ 80ರ ಆಸುಪಾಸು ಸ್ಟೇರಿಂಗ್ ನಡುಗಿ, ವೇಗ ಇಳಿಸಿದರೆ ನಿಲ್ಲುತ್ತಿದ್ದರೆ ಮೊದಲ ಅನುಮಾನ ವೀಲ್ ಬ್ಯಾಲೆನ್ಸಿಂಗ್ ಮೇಲೆ. ರಿಮ್ ಒಳಗೆ ಒಣಗಿ ಗಟ್ಟಿಯಾದ ಕೆಸರು ಕೂತಿದ್ದರೂ ಹೀಗೇ ಆಗುತ್ತೆ. ಎಸ್ಟೇಟ್ ರಸ್ತೆಯಲ್ಲಿ ಓಡುವ ಕಾರುಗಳಿಗೆ ಇದು ಮಾಮೂಲಿ. ಚಕ್ರದ ಒಳಮೈ ತೊಳೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ಮೂರನೆಯದು ಸ್ಟೇರಿಂಗ್ ಹಗುರವಾಗಿರೋದು. ಹಳೆಯ ಮಾರುತಿ 800 ಓಡಿಸಿದವರು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಕಾರಿಗೆ ಕೂತಾಗ ‘ಏನಪ್ಪಾ, ಹಿಡಿತಾನೇ ಇಲ್ಲ’ ಅನ್ನೋದುಂಟು. ಹಗುರ ಅಂದ್ರೆ ಲೂಸ್ ಅಲ್ಲ. ಒಂದು ಬೆರಳಲ್ಲಿ ತಿರುಗಿದರೂ ತಿರುಗಿಸಿದ ತಕ್ಷಣ ಚಕ್ರ ಓಗೊಟ್ಟರೆ ಸ್ಟೇರಿಂಗ್ ಸರಿಯಾಗಿದೆ ಎಂದೇ ಅರ್ಥ.

ನಿಜವಾದ ಲೂಸ್ ಎಂದರೆ ಸ್ಟೇರಿಂಗ್ ತಿರುಗಿಸಿದಾಗ ಮೊದಲು ಏನೂ ಆಗದೆ, ಆಮೇಲೆ ಒಮ್ಮೆಗೇ ಕಾರು ತಿರುಗೋದು. ನೇರ ರಸ್ತೆಯಲ್ಲೂ ಎಡಕ್ಕೂ ಬಲಕ್ಕೂ ಸಣ್ಣಗೆ ತಿದ್ದುತ್ತಲೇ ಇರಬೇಕಾಗೋದು. ಗುಂಡಿಗೆ ಇಳಿದಾಗ ಮುಂದಿನಿಂದ ‘ಟಕ್ ಟಕ್’ ಅನ್ನೋದು. ಇವು ಸೇರಿದರೆ ಎಲ್ಲೋ ಒಂದು ಕೀಲು ಸವೆದಿದೆ ಎಂದೇ ಲೆಕ್ಕ.

ಒಂದು ಸರಪಳಿ, ಹತ್ತಾರು ಕೊಂಡಿ

ಚಾಲಕನ ಕೈಯಿಂದ ಚಕ್ರದವರೆಗೆ ಇರುವುದು ಒಂದು ಸರಪಳಿ. ಸ್ಟೇರಿಂಗ್ ಚಕ್ರದ ಕೆಳಗೆ ಕಾಲಮ್, ಅದರ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್, ಅಲ್ಲಿಂದ ರ‍್ಯಾಕ್. ರ‍್ಯಾಕಿನ ಎರಡು ತುದಿಯಿಂದ ಎಡ–ಬಲಕ್ಕೆ ಟೈ ರಾಡ್, ಅದರ ಕೊನೆಗೆ ಟೈ ರಾಡ್ ಎಂಡ್. ಇದರ ಜೊತೆಗೆ ಚಕ್ರವನ್ನು ಕಾರಿಗೆ ಹಿಡಿದಿಡುವ ಲೋವರ್ ಆರ್ಮ್, ಅದರ ಬುಶ್, ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗ್. ಒಂದೊಂದು ಕಡೆ ಕೂದಲೆಳೆಯಷ್ಟು ಸವೆದರೂ ಎಲ್ಲ ಸೇರಿ ಕೈಯಲ್ಲಿ ಒಂದು ಹಿಡಿಯಷ್ಟು ಪ್ಲೇ ಆಗುತ್ತೆ.

ಇವುಗಳಲ್ಲಿ ಮಲೆನಾಡಿನಲ್ಲಿ ಬೇಗ ಸೋಲೋದು ಟೈ ರಾಡ್ ಎಂಡ್ ಮತ್ತು ಬಾಲ್ ಜಾಯಿಂಟ್. ಎರಡೂ ಗ್ರೀಸ್ ತುಂಬಿದ ಬಟ್ಟಲೊಳಗೆ ತಿರುಗುವ ಕಬ್ಬಿಣದ ಗುಂಡುಗಳು. ಬಟ್ಟಲಿನ ಬಾಯಿಗೆ ಒಂದು ರಬ್ಬರ್ ಬೂಟ್. 98ನೇ ನಿಯಮ ಹೇಳುವ ಟೋಪಿ ಇದೇ. ಬೂಟ್ ಹರಿಯದೆ ಇರುವಷ್ಟು ದಿನ ಕೀಲು ವರ್ಷಗಟ್ಟಲೆ ಬಾಳುತ್ತೆ. ಒಮ್ಮೆ ಹರಿಯಿತೋ, ಮಳೆನೀರು ಒಳಗೆ ಹೋಗಿ ಗ್ರೀಸ್ ತೊಳೆಯುತ್ತೆ, ಹಿಂದೆಯೇ ಕೆಸರು ಮತ್ತು ಮರಳು ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತೆ. ಬಯಲುಸೀಮೆಯ ಒಣ ರಸ್ತೆಯಲ್ಲಿ ಹರಿದ ಬೂಟಿನಲ್ಲೂ ಸ್ವಲ್ಪ ಕಾಲ ದೂಡಬಹುದು. ಮೂಡಿಗೆರೆ, ಶೃಂಗೇರಿ ಕಡೆಯ ಜುಲೈ ಮಳೆಯಲ್ಲಿ ಆ ಅವಕಾಶವೂ ಇಲ್ಲ.

ಇದರ ಮೇಲೆ ರಸ್ತೆಯ ಏಟು. ನೀರು ತುಂಬಿದ ಗುಂಡಿಯ ಆಳ ಕಾಣೋದಿಲ್ಲ. ಜಲ್ಲಿ ಸುರಿದು ಹೋದ ಗುಂಡಿಯಿಂದ ಎರಡೇ ಮಳೆಗೆ ಜಲ್ಲಿ ಎದ್ದು ಬರುತ್ತೆ. ಅದಕ್ಕಿಂತ ಕೆಟ್ಟದ್ದು ರಸ್ತೆಯ ಅಂಚು. ಎದುರಿನ ವಾಹನಕ್ಕೆ ದಾರಿ ಬಿಡಲು ಎಡ ಚಕ್ರ ಡಾಂಬರಿನಿಂದ ಕೆಳಗೆ ಇಳಿಯುತ್ತೆ, ಮತ್ತೆ ಮೇಲೆ ಹತ್ತುವಾಗ ಏಟು ಬೀಳೋದು ಅಡ್ಡಲಾಗಿ, ನೇರವಾಗಿ ಟೈ ರಾಡ್ ಮೇಲೆ. ಕಿರಿದಾದ ರಸ್ತೆಯಲ್ಲಿ ದಿನಕ್ಕೆ ಹತ್ತಾರು ಸಲ ಇದು ನಡೆಯುತ್ತೆ. ಎಡಗಡೆಯ ಎಂಡ್ ಮೊದಲು ಸವೆದರೆ ಆಶ್ಚರ್ಯ ಪಡಬೇಕಾದ್ದಿಲ್ಲ.

ಪತ್ತೆಗೆ ಒಂದು ಕ್ರಮ ಇದೆ

ಲೂಸ್ ಎಲ್ಲಿದೆ ಎಂದು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ, ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಬೇಕು.

1. ಗಾಳಿ: ಕಾರು ಓಡುವ ಮೊದಲು, ಟೈರ್ ತಣ್ಣಗಿರುವಾಗ ಗಾಳಿ ನೋಡಬೇಕು. ಎಷ್ಟಿರಬೇಕು ಎಂಬ ಚೀಟಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತೆ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಾದರೂ ಸ್ಟೇರಿಂಗ್ ಜೋಭದ್ರವಾಗಿ, ತಡವಾಗಿ ತಿರುಗಿದಂತೆ ಅನ್ನಿಸುತ್ತೆ.

2. ಟೈರ್: ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್ ಅಥವಾ ಕೀಲು ನೋಡಬೇಕು.

3. ಪ್ಲೇ ಅಳೆಯೋದು: ಸಮ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರ ನೇರ ಮಾಡಿ, ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಮೆಲ್ಲಗೆ ಒಂದು ಕಡೆಗೆ ತಿರುಗಿಸಬೇಕು. ಹೊರಗೆ ನಿಂತವರು ಟೈರ್ ಅಲುಗಿದ ತಕ್ಷಣ ಹೇಳಬೇಕು. ಆಮೇಲೆ ಇನ್ನೊಂದು ಕಡೆಗೆ. ಈ ಎರಡರ ನಡುವೆ ಸ್ಟೇರಿಂಗ್ ಅಂಚು ಎಷ್ಟು ಓಡಿತು ಎಂದು ಮಕ್ಕಳ ಸ್ಕೇಲಿನಲ್ಲಿ ಅಳೆದರೆ ಸಾಕು. ಮೂರು ಸೆಂಟಿಮೀಟರ್ ಮೀರಿದರೆ ಗ್ಯಾರೇಜಿಗೆ ಹೋಗಲೇಬೇಕು.

4. ಇಬ್ಬರ ಕೆಲಸ: ಇದು ಗ್ಯಾರೇಜಿನ ಗುಂಡಿ ಅಥವಾ ರ‍್ಯಾಂಪ್ ಮೇಲೆ ಮಾಡಬೇಕಾದ್ದು. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚಿಕ್ಕದಾಗಿ ಅಲ್ಲಾಡಿಸ್ತಾ ಇರಬೇಕು, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಬೇಕು. ಒಂದು ಕಡೆ ರಾಡ್ ಅಲುಗಿ ಇನ್ನೊಂದು ಕಡೆ ತಡವಾಗಿ ಅಲುಗಿದರೆ, ಕಳ್ಳ ಅಲ್ಲೇ ಇದ್ದಾನೆ. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು.

5. ಚಕ್ರ ಎತ್ತಿ ಅಲ್ಲಾಡಿಸೋದು: ಮುಂದಿನ ಚಕ್ರ ನೆಲ ಬಿಡುವಷ್ಟು ಜಾಕಿ ಹಾಕಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಬೇಕು. ಅಲುಗಿದರೆ ಅನುಮಾನ ಟೈ ರಾಡ್, ಎಂಡ್ ಅಥವಾ ರ‍್ಯಾಕ್ ಮೇಲೆ. 12 ಮತ್ತು 6ರಲ್ಲಿ ಹಿಡಿದಾಗ ಅಲುಗಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಆಗ ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಬೇಕು. ಅಲುಗಾಟ ನಿಂತರೆ ಬೇರಿಂಗ್ ಹೋಗಿದೆ, ಆಮೇಲೂ ಉಳಿದರೆ ಬಾಲ್ ಜಾಯಿಂಟ್.

6. ಕಾಲಮ್ ಮತ್ತು ರ‍್ಯಾಕ್: ಚಕ್ರದ ಕಡೆ ಎಲ್ಲ ಬಿಗಿ ಇದ್ದೂ ಕೈಯಲ್ಲಿ ಸಡಿಲ ಇದ್ದರೆ ಕಾಲಮ್ ಕೆಳಗಿನ ಜಾಯಿಂಟ್, ಅದರ ಬೋಲ್ಟ್, ರ‍್ಯಾಕನ್ನು ಚೌಕಟ್ಟಿಗೆ ಹಿಡಿದಿಡುವ ಬುಶ್‌ಗಳನ್ನು ನೋಡಬೇಕು. ಬುಶ್ ಸವೆದರೆ ಸ್ಟೇರಿಂಗ್ ತಿರುಗಿಸಿದಾಗ ಇಡೀ ರ‍್ಯಾಕೇ ಮೊದಲು ಜರುಗುತ್ತೆ, ಆಮೇಲೆ ಚಕ್ರ ತಿರುಗುತ್ತೆ. ರ‍್ಯಾಕ್ ಒಳಗಿನ ಹಲ್ಲು ಸವೆದಿದೆ ಎನ್ನುವ ತೀರ್ಮಾನ ಕೊನೆಯದಾಗಿರಬೇಕು.

7. ಅಲೈನ್‌ಮೆಂಟ್: ಸವೆದ ಭಾಗ ಬದಲಿಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ.

ಈ ಪಟ್ಟಿ ಇಟ್ಟುಕೊಂಡರೆ ಗ್ರಾಹಕನಿಗೆ ಎರಡು ಲಾಭ. ಬರೀ ಅಲೈನ್‌ಮೆಂಟಿಗೆ ಮತ್ತೆ ಮತ್ತೆ ದುಡ್ಡು ಸುರಿಯೋದು ತಪ್ಪುತ್ತೆ. ‘ರ‍್ಯಾಕೇ ಹೋಗಿದೆ, ಪೂರ್ತಿ ಬದಲಾಯಿಸಬೇಕು’ ಎಂಬ ಮಾತಿಗೆ ಹೆದರಿ ಹತ್ತಾರು ಸಾವಿರ ಕೊಡೋದೂ ತಪ್ಪುತ್ತೆ. ಸಣ್ಣ ಕಾರಿನ ಒಂದು ಟೈ ರಾಡ್ ಎಂಡ್ ಬೆಲೆ ಕೆಲವು ನೂರು ರೂಪಾಯಿ. ‘ಯಾವ ಕೀಲು ಹೋಗಿದೆ, ಅಲ್ಲಾಡಿಸಿ ತೋರ್ಸಿ’ ಎಂದು ಕೇಳೋದು ಗ್ರಾಹಕನ ಹಕ್ಕು. ಕೆಲಸ ಗೊತ್ತಿರುವ ಮೆಕ್ಯಾನಿಕ್ ಅದಕ್ಕೆ ಬೇಸರ ಮಾಡಿಕೊಳ್ಳೋದಿಲ್ಲ, ಕೈ ಹಿಡಿದು ತೋರಿಸ್ತಾರೆ.

ರಿಪೇರಿಯಲ್ಲಿ ಎಡವೋದು ಎಲ್ಲಿ?

ಸವೆದ ಟೈ ರಾಡ್ ಎಂಡಿಗೆ, ಬಾಲ್ ಜಾಯಿಂಟಿಗೆ ರಿಪೇರಿ ಅನ್ನೋದಿಲ್ಲ, ಬದಲಿಸೋದೊಂದೇ ದಾರಿ. ಸುತ್ತಿಗೆಯಲ್ಲಿ ಬಟ್ಟಲಿನ ಅಂಚು ತಟ್ಟಿ ಬಿಗಿ ಮಾಡೋದು, ವೆಲ್ಡಿಂಗ್ ಹಾಕೋದು, ಹರಿದ ಬೂಟಿನೊಳಗೆ ಗ್ರೀಸ್ ತುರುಕಿ ಕಳಿಸೋದು ಇವೆಲ್ಲ ತಾತ್ಕಾಲಿಕವೂ ಅಲ್ಲ, ಅಪಾಯ. ಶಾಖ ತಿಂದ ಉಕ್ಕು ಯಾವಾಗ ಬಿರಿಯುತ್ತೆ ಎಂದು ಯಾರೂ ಹೇಳಲಾರರು. ಎಂಡ್ ಕಳಚಿಕೊಂಡರೆ ಆ ಚಕ್ರ ಸ್ಟೇರಿಂಗ್ ಮಾತು ಕೇಳೋದಿಲ್ಲ. ಲೋವರ್ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತೆ.

ಹೊಸ ಎಂಡ್ ಹಾಕುವಾಗ ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದರೋ ಅಷ್ಟೇ ಸುತ್ತು ಹೊಸದನ್ನು ಕೂರಿಸಬೇಕು. ಆಗ ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ತಕ್ಕಮಟ್ಟಿಗೆ ನೇರ ಹೋಗುತ್ತೆ. ನಟ್ಟಿಗೆ ಸ್ಪ್ಲಿಟ್ ಪಿನ್ ಇರುವ ಕಾರಾದರೆ ಹಳೆಯ ಪಿನ್ನನ್ನೇ ನೇರ ಮಾಡಿ ತೂರಿಸಬಾರದು, ಹೊಸದು ಹಾಕಬೇಕು. ಕೆಲವೇ ರೂಪಾಯಿಯ ಆ ಪಿನ್ ಇಡೀ ಕೀಲಿಗೆ ಕಾವಲು. ಒಂದು ಕಡೆಯದು ಸವೆದಿದ್ದರೆ ಇನ್ನೊಂದು ಕಡೆಯದನ್ನೂ ನೋಡದೆ ಬಿಡಬಾರದು. ಎರಡೂ ಓಡಿದ್ದು ಒಂದೇ ರಸ್ತೆಯಲ್ಲಿ.

ಇನ್ನೊಂದು ಎಡವಟ್ಟು ‘ಟೈಟ್’ ಮಾಡೋದು. ರ‍್ಯಾಕಿಗೂ ಜೀಪಿನ ಸ್ಟೇರಿಂಗ್ ಬಾಕ್ಸಿಗೂ ಬಿಗಿ ಮಾಡುವ ಒಂದು ಸ್ಕ್ರೂ ಇರುತ್ತೆ. ಲೂಸ್ ಅಂದ ತಕ್ಷಣ ಅದನ್ನು ತಿರುಗಿಸಿ ಕಳಿಸೋದು ಸುಲಭ. ಆದರೆ ಗೇರ್ ಹೆಚ್ಚು ಸವೆಯೋದು ನೇರ ಓಡುವಾಗ ಕೂರುವ ಮಧ್ಯದ ಜಾಗದಲ್ಲಿ. ಮಧ್ಯದ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ, ಸವೆಯದೆ ಉಳಿದ ಎರಡೂ ಕೊನೆಯಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುತ್ತೆ. ನೇರ ರಸ್ತೆಯಲ್ಲಿ ಚೆನ್ನಾಗಿದೆ ಅನ್ನಿಸಿದ ಗಾಡಿ ಹೇರ್‌ಪಿನ್ ತಿರುವಿನಲ್ಲಿ ತಿರುಗಿದ ಮೇಲೆ ತಾನಾಗಿ ನೇರಕ್ಕೆ ಬರೋದೇ ಇಲ್ಲ. ಘಾಟಿಯಲ್ಲಿ ಇದು ಲೂಸ್ ಸ್ಟೇರಿಂಗಿಗಿಂತ ಕೆಟ್ಟದ್ದು.

ಜೀಪಿನ ಲೆಕ್ಕವೇ ಬೇರೆ

ಜಿಲ್ಲೆಯ ಪ್ರವಾಸೋದ್ಯಮದಲ್ಲಿ ಹಳೆಯ ಜೀಪುಗಳ ಪಾಲು ದೊಡ್ಡದು. ಬಾಬಾಬುಡನ್‌ಗಿರಿ ದಾರಿಯ ಝರಿ ಫಾಲ್ಸ್‌ಗೆ, ಹೋಂಸ್ಟೇಗಳ ಗುಡ್ಡದ ತುದಿಗೆ ಪ್ರವಾಸಿಗರನ್ನು ಹೊತ್ತು ಹೋಗೋದು ಇವೇ. ಇವುಗಳಲ್ಲಿ ರ‍್ಯಾಕ್ ಇರೋದಿಲ್ಲ. ಸ್ಟೇರಿಂಗ್ ಬಾಕ್ಸ್, ಅಲ್ಲಿಂದ ಡ್ರ್ಯಾಗ್ ಲಿಂಕ್, ಟೈ ರಾಡ್ ಹೀಗೆ ಕೀಲುಗಳ ಸಂಖ್ಯೆಯೂ ಹೆಚ್ಚು, ಪ್ಲೇಯೂ ಕಾರಿಗಿಂತ ಸಹಜವಾಗಿಯೇ ಹೆಚ್ಚು. ಮುಂದಿನ ಪಟ್ಟೆಗಳನ್ನು ಹಿಡಿದಿಡುವ ಯು ಬೋಲ್ಟ್ ಸಡಿಲವಾದರೂ, ಶ್ಯಾಕಲ್ ಬುಶ್ ಸವೆದರೂ ಗಾಡಿ ಅತ್ತಿತ್ತ ಅಲೆಯುತ್ತೆ. ಬಾಕ್ಸ್ ಮುಟ್ಟುವ ಮೊದಲು ಇವನ್ನು ನೋಡಬೇಕು.

‘ಜೀಪ್ ಅಂದ್ರೆ ಹಂಗೇ ಇರತ್ತೆ, ನಮಗೆ ಕೈ ಕೂತಿದೆ’ ಎಂಬ ಮಾತು ಚಾಲಕರಲ್ಲಿ ಸಾಮಾನ್ಯ. ಅನುಭವ ಸುಳ್ಳಲ್ಲ. ದಿನವೂ ಅದೇ ಗಾಡಿ ಓಡಿಸುವವರ ಕೈ ಪ್ಲೇಗೆ ಹೊಂದಿಕೊಂಡು, ತಿರುವಿಗೆ ಮೊದಲೇ ಸ್ಟೇರಿಂಗ್ ತಿರುಗಿಸಲು ಕಲಿತಿರುತ್ತೆ. ತೊಂದರೆ ಅಲ್ಲೇ ಇರೋದು. ಸವೆತ ನಿಧಾನವಾಗಿ ಬರುತ್ತೆ, ಕೈ ಅಷ್ಟೇ ನಿಧಾನವಾಗಿ ಒಗ್ಗಿಕೊಳ್ಳುತ್ತೆ, ಗಾಡಿ ಎಷ್ಟು ಕೆಟ್ಟಿದೆ ಅನ್ನೋದು ಓಡಿಸುವವರಿಗೇ ಗೊತ್ತಾಗೋದಿಲ್ಲ. ಸ್ವಂತ ಕಾರಿನಲ್ಲೂ ಇದೇ ಕತೆ. ವರ್ಷಕ್ಕೊಮ್ಮೆ ಬೇರೆ ಯಾರಾದರೂ ಓಡಿಸಿ ನೋಡಿದರೆ ಮೊದಲ ತಿರುವಿನಲ್ಲೇ ಹೇಳಿಬಿಡ್ತಾರೆ.

ಹೊಸ ಕಾರು ಅಂದ್ರೆ ನಿಶ್ಚಿಂತೆ ಅಲ್ಲ

2023ರ ಜುಲೈನಲ್ಲಿ ಮಾರುತಿ ಸುಜುಕಿ ತನ್ನ ಎಸ್-ಪ್ರೆಸ್ಸೋ ಮತ್ತು ಈಕೋ ಮಾದರಿಯ 87,599 ವಾಹನಗಳನ್ನು ವಾಪಸ್ ಕರೆಯಿತು. 2021ರ ಜುಲೈ 5ರಿಂದ 2023ರ ಫೆಬ್ರುವರಿ 15ರ ನಡುವೆ ತಯಾರಾದವು ಅವು. ಸ್ಟೇರಿಂಗ್ ಟೈ ರಾಡಿನ ಒಂದು ಭಾಗದಲ್ಲಿ ದೋಷ ಇರಬಹುದು, ಅಪರೂಪದ ಸಂದರ್ಭದಲ್ಲಿ ಅದು ಮುರಿಯಬಹುದು ಎಂದು ಕಂಪನಿಯೇ ಹೇಳಿತ್ತು. 2024ರ ಆಗಸ್ಟ್‌ನಲ್ಲಿ ಆಲ್ಟೊ ಕೆ10 ಮಾದರಿಯ 2,555 ಕಾರುಗಳನ್ನು ಸ್ಟೇರಿಂಗ್ ಗೇರ್ ಬಾಕ್ಸ್ ದೋಷದ ಅನುಮಾನದ ಮೇಲೆ ಕರೆಯಿತು. ಕಂಪನಿ ತಾನಾಗಿ ಕರೆದು ಪುಕ್ಕಟೆ ಬದಲಿಸಿಕೊಡೋದು ಒಳ್ಳೆಯ ಕ್ರಮವೇ.

ಪ್ರಶ್ನೆ ಇರೋದು ಆ ಕರೆ ಹಳ್ಳಿಯ ಮನೆಗೆ ಮುಟ್ಟುತ್ತಾ ಅನ್ನೋದರಲ್ಲಿ. ಈಕೋದಂಥ ಗಾಡಿಗಳು ಒಂದೇ ಕೈಯಲ್ಲಿ ಉಳಿಯೋದಿಲ್ಲ. ಎರಡು ಮೂರು ವರ್ಷಕ್ಕೆ ಮಾರಾಟವಾಗಿ, ಇನ್ನೊಂದು ತಾಲ್ಲೂಕಿಗೆ ಹೋಗಿ, ಮೊದಲ ಮಾಲೀಕರ ಫೋನ್ ನಂಬರಿಗೆ ಬಂದ ಸಂದೇಶ ಅಲ್ಲೇ ಉಳಿಯುತ್ತೆ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ, ಇಲ್ಲವೇ ಶೋರೂಮಿನಲ್ಲಿ ಕೊಟ್ಟರೆ, ಬಾಕಿ ಇದೆಯೋ ಇಲ್ಲವೋ ತಿಳಿಯುತ್ತೆ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರು ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದೂ ಒಂದು.

ಯಾರೂ ನೋಡದ 15 ವರ್ಷ

ಈಗ ದೊಡ್ಡ ಪ್ರಶ್ನೆ. ಇದನ್ನೆಲ್ಲ ನೋಡುವವರು ಯಾರು?

ಹಳದಿ ಬೋರ್ಡಿನ ಟ್ಯಾಕ್ಸಿಗೆ ಒಂದು ವ್ಯವಸ್ಥೆ ಇದೆ. ಹೊಸ ಗಾಡಿಗೆ ಎರಡು ವರ್ಷ, ಆಮೇಲೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಅದಿಲ್ಲ. ನೋಂದಣಿ 15 ವರ್ಷ. ಅದು ಮುಗಿದು ಮುಂದಿನ ಐದು ವರ್ಷಕ್ಕೆ ನವೀಕರಿಸುವಾಗ ಮಾತ್ರ ಸರ್ಕಾರದ ಅಧಿಕಾರಿಯೊಬ್ಬರು ಕಾರು ನೋಡ್ತಾರೆ. ಹೊಗೆ ತಪಾಸಣೆ ವರ್ಷಕ್ಕೊಮ್ಮೆಯಾದರೂ ಕಡ್ಡಾಯ. ಸೈಲೆನ್ಸರಿನಿಂದ ಬರುವ ಹೊಗೆಗೆ ಸಿಕ್ಕ ಗಮನ, ಒಳಗೆ ಕೂತ ಐದು ಜನರ ಜೀವ ಹಿಡಿದಿರುವ ಕೀಲಿಗೆ ಸಿಕ್ಕಿಲ್ಲ.

ಬ್ರಿಟನ್ನಿನಲ್ಲಿ ಸ್ವಂತ ಕಾರಿಗೂ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಪಾಸಣೆ ಇದೆ, ಅದರಲ್ಲಿ ಸ್ಟೇರಿಂಗ್ ಕೀಲುಗಳನ್ನು ನೋಡೋದೂ ಸೇರಿದೆ. ಇಲ್ಲಿ 2021ರಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ವಾಹನ ಪರೀಕ್ಷಾ ಕೇಂದ್ರಗಳಿಗೆ ನಿಯಮ ತಂದಿತು. ಸ್ಟೇರಿಂಗ್ ಪ್ಲೇ ಮತ್ತು ಕೀಲುಗಳ ಸಡಿಲವನ್ನು ಯಂತ್ರದಲ್ಲೇ ಪರೀಕ್ಷಿಸಬೇಕೆಂಬುದೂ ಅದರಲ್ಲಿದೆ. ಹೆಜ್ಜೆ ಒಳ್ಳೆಯದು. ಆದರೆ ಸ್ವಂತ ಕಾರುಗಳ ಮಟ್ಟಿಗೆ ಆ ಯಂತ್ರದ ಸರದಿ ಬರೋದೂ 15 ವರ್ಷ ಕಳೆದ ಮೇಲೆಯೇ. ವರ್ಷಕ್ಕೆ 15 ಸಾವಿರ ಕಿ.ಮೀ. ಓಡುವ ಕಾರು ಅಷ್ಟರಲ್ಲಿ 2 ಲಕ್ಷ ಕಿ.ಮೀ. ದಾಟಿರುತ್ತೆ. ದೋಷ ಇರುವ ವಾಹನ ರಸ್ತೆಗೆ ಇಳಿಸೋದು ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ ಅಪರಾಧ. ಆದರೆ ಚೆಕ್‌ಪೋಸ್ಟಿನಲ್ಲಿ ಕೇಳೋದು ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್. ಟೈ ರಾಡ್ ಅಲ್ಲಾಡಿಸಿ ನೋಡಲು ಅಲ್ಲಿ ಸಮಯವೂ ಇಲ್ಲ, ಜಾಗವೂ ಇಲ್ಲ.

ಅಪಘಾತವಾದ ಮೇಲೆ ಒಂದು ತಪಾಸಣೆ ನಡೆಯುತ್ತೆ. ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಅಲ್ಲವೇ ಎಂದು ವರದಿ ಕೊಡ್ತಾರೆ. ಕಣಿವೆಗೆ ಉರುಳಿ ನಜ್ಜುಗುಜ್ಜಾದ ಕಾರಿನಲ್ಲಿ ಕೀಲು ಮೊದಲೇ ಸಡಿಲವಿತ್ತೋ, ಬಿದ್ದ ಏಟಿಗೆ ಮುರಿಯಿತೋ ಎಂದು ಬೇರ್ಪಡಿಸೋದು ಸುಲಭದ ಮಾತಲ್ಲ. ಆ ವರದಿ ಪೊಲೀಸ್ ಕಡತ ಸೇರಿ, ಅಲ್ಲಿಂದ ಪರಿಹಾರದ ಕೇಸಿಗೆ ಹೋಗುತ್ತೆ. ಸುದ್ದಿಯಲ್ಲಿ ಉಳಿಯೋದು ‘ನಿಯಂತ್ರಣ ತಪ್ಪಿ’ ಅಷ್ಟೇ. ರಸ್ತೆಯ ಗುಂಡಿಗೂ ಕೀಲಿನ ಸವೆತಕ್ಕೂ ಆ ಸಾಲಿನಲ್ಲಿ ಜಾಗವಿಲ್ಲ. ಇಡೀ ಹೊಣೆ ಚಾಲಕನ ಮೇಲೆ ಬಿದ್ದು, ಎಷ್ಟೋ ಸಲ ಉತ್ತರ ಕೊಡಲು ಆತನೇ ಇರೋದಿಲ್ಲ.

ಜಿಲ್ಲೆಯಲ್ಲೇ ಆಗಬಹುದಾದ್ದು

ಕಾನೂನು ಬದಲಾಗಲು ಕಾಯಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ, ಮಳೆ ಮುಗಿದು ಪ್ರವಾಸಿಗರು ಬರುವ ಮೊದಲು ಅಕ್ಟೋಬರಿನಲ್ಲಿ, ವರ್ಷಕ್ಕೆ ಎರಡು ಸಲ ಕೀಲು ಮತ್ತು ಬೂಟ್ ನೋಡಿಸೋದು ಮಾಲೀಕರ ಕೈಯಲ್ಲೇ ಇದೆ. ರ‍್ಯಾಂಪ್ ಮೇಲೆ ಹತ್ತಿಸಿದರೆ ಹದಿನೈದು ನಿಮಿಷದ ಕೆಲಸ. ಜೀಪ್ ಚಾಲಕರ ಸಂಘಗಳು, ಟ್ಯಾಕ್ಸಿ ಸ್ಟ್ಯಾಂಡಿನವರು ಆರ್‌ಟಿಒ ಜೊತೆ ಮಾತಾಡಿ ಸೀಸನ್ ಶುರುವಾಗುವ ಮೊದಲು ಒಂದು ದಿನ ಎಲ್ಲ ಗಾಡಿಗಳ ಸ್ಟೇರಿಂಗ್ ತಪಾಸಣೆ ಇಟ್ಟುಕೊಳ್ಳಬಹುದು. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಹೆಲ್ಮೆಟ್ ಜಾಥಾದ ಜೊತೆಗೆ ಇದೂ ಸೇರಬಹುದು. ಗ್ಯಾರೇಜಿನವರು ಬಿಲ್ಲಿನಲ್ಲಿ ‘ಎಡ ಎಂಡ್ ಸವೆದಿದೆ, ಬದಲಿಸಬೇಕು’ ಎಂದು ಒಂದು ಸಾಲು ಬರೆದುಕೊಟ್ಟರೆ ಗಿರಾಕಿಗೆ ನೆನಪಿರುತ್ತೆ, ಗ್ಯಾರೇಜಿಗೂ ರಕ್ಷಣೆ.

ಲೋಕೋಪಯೋಗಿ ಇಲಾಖೆ ಮತ್ತು ಹೆದ್ದಾರಿ ಇಲಾಖೆಗಳ ಪಾಲೂ ಇದೆ. ಗುಂಡಿ ಮುಚ್ಚೋದರ ಜೊತೆ ರಸ್ತೆ ಅಂಚಿಗೆ ಮಣ್ಣು ತುಂಬಿಸಿ ಸಮ ಮಾಡಿದರೆ ಅಡ್ಡ ಏಟು ಅರ್ಧ ಕಡಿಮೆಯಾಗುತ್ತೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದಾಗ ರಸ್ತೆಯೇ ಬಂದ್ ಆಗಿ ಎಲ್ಲರ ಗಮನ ಅತ್ತ ಹೋಗಿತ್ತು. ಕುಸಿಯದೆ ಉಳಿದ ರಸ್ತೆಗಳು ಪ್ರತಿ ವರ್ಷ ಸದ್ದಿಲ್ಲದೆ ಗಾಡಿಗಳ ಕೀಲು ತಿನ್ನುತ್ತಿರೋದು ಯಾರ ಕಣ್ಣಿಗೂ ಬೀಳೋದಿಲ್ಲ.

ಅಲ್ಲಿಯವರೆಗೆ ಗ್ಯಾರೇಜಿಗೆ ಹೋದವರು ಕೇಳಬೇಕಾದ ಮಾತು ಒಂದೇ. ‘ಅಲೈನ್‌ಮೆಂಟ್ ಆಮೇಲೆ ಮಾಡೋಣ ಅಣ್ಣಾ, ಮೊದ್ಲು ಎಂಡ್ ನೋಡಿ.’